ಆ ಚೀಟಿ ಕೊಡೋಕೆ ನಾನು ಯಾಕೆ ಹೆದರಿದ್ದೆ

2020ರ ಮೇ ತಿಂಗಳು. ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಡೇಟಾ ಎಂಟ್ರಿ ಆಪರೇಟರ್. ಬೇರೆ ವರ್ಷ ಬೇಸಿಗೆ ಬಂತೆಂದರೆ ನಮ್ಮ ಕಡೆ ಅರ್ಧ ಊರು ಖಾಲಿ. ಬೆಂಗಳೂರು, ಪುಣೆ, ಗೋವಾ ಅಂತ ಗುಳೆ ಹೋಗಿರುತ್ತಾರೆ, ಮನೆ ಕಾಯೋಕೆ ಮುದುಕರು. ಆ ವರ್ಷ ಲಾಕ್‌ಡೌನ್ ಆಗಿ ಎಲ್ಲರೂ ವಾಪಸ್ ಬಂದರು. ಬಂದವರಿಗೆ ಕೈಯಲ್ಲಿ ಕೆಲಸ ಇಲ್ಲ. ಎಲ್ಲರೂ ಪಂಚಾಯಿತಿಗೆ ಬಂದು ಕೇಳಿದ್ದು ಒಂದೇ, 'ಖಾತ್ರಿ ಕೆಲಸ ಕೊಡ್ರಿ.' ಸರ್ಕಾರದ ಉದ್ಯೋಗ ಖಾತ್ರಿ ಯೋಜನೆ, ನರೇಗಾ, ಅದರ ಕೆಲಸ. ಆಗ ದಿನಕ್ಕೆ 275 ರೂಪಾಯಿ ಕೂಲಿ, ಮನೆಗೆ ವರ್ಷಕ್ಕೆ 100 ದಿನ.

ಕೊಡುವ ನಾವೆಷ್ಟು ಜನ? ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಸಾಹೇಬರಿಗೆ ಪಕ್ಕದ ಪಂಚಾಯಿತಿಯ ಪ್ರಭಾರವೂ ಇತ್ತು, ನಮಗೆ ವಾರದಲ್ಲಿ ಮೂರು ದಿನ ಸಿಗುತ್ತಿದ್ದರು. ಬಿಲ್ ಕಲೆಕ್ಟರ್ ಶಾಲೆಯ ಕ್ವಾರಂಟೈನ್ ನೋಡಿಕೊಳ್ಳುತ್ತಿದ್ದ. ಉಳಿದದ್ದು ನಾನು, ಜವಾನ ಕಾಕಾ, ಒಂದು ಕಂಪ್ಯೂಟರ್.

ಆಗಿನ ನಿಯಮ ಗೊತ್ತಿದ್ದವರಿಗೆ ಗೊತ್ತು. ನಮೂನೆ 6 ಅನ್ನುವ ಅರ್ಜಿ ತುಂಬಿ ಕೆಲಸ ಕೇಳಿದವರಿಗೆ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಕೊಡಬೇಕಿತ್ತು. ಅಲ್ಲಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು: ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಅಂದರೆ ಆ ಚೀಟಿ ಕೈಗೆ ಕೊಟ್ಟ ದಿನದಿಂದ ದಿನ ಎಣಿಕೆ ಶುರು. ಚೀಟಿ ಕೊಡದಿದ್ದರೆ? ನಾನು ಕಂಪ್ಯೂಟರಿಗೆ ಹಾಕಿದ ದಿನವೇ ಕೇಳಿದ ದಿನ. ಮೊದಲ ಎರಡು ವಾರ ನಾನು ಮಾಡಿದ್ದು ಅದನ್ನೇ. ಅರ್ಜಿ ಇಸ್ಕೊಂಡು ಮೇಜಿನ ಮೇಲೆ ಕಲ್ಲು ಹೇರಿ ಇಡುತ್ತಿದ್ದೆ. 'ಆಯ್ತು, ಹೋಗ್ರಿ, ಹೇಳಿ ಕಳಸ್ತೀವಿ.'

ಒಬ್ಬ ಅಕ್ಕ ಮಾತ್ರ ಹೋಗಲಿಲ್ಲ. ಬಾಗಿಲಲ್ಲೇ ಕೂತರು. "ತಮ್ಮಾ, ಚೀಟಿ ಇಲ್ಲಂದ್ರ ನಾ ಇಲ್ಲಿಗೆ ಬಂದಿದ್ದಕ್ಕ ಸಾಕ್ಷಿ ಏನು?" ಅಂದರು. ಅದು ಅವರು ಬಂದ ನಾಲ್ಕನೇ ಸಲ. ಹಿಂದಿನ ಮೂರು ಅರ್ಜಿಗಳೂ ಆ ಕಲ್ಲಿನ ಕೆಳಗೇ ಇದ್ದವು! ಹುಡುಕಿ ನೋಡಿದರೆ ಹಾಗೆ ಎರಡೆರಡು, ಮೂರ್ಮೂರು ಸಲ ಬರೆದವರು ತುಂಬಾ ಜನ. ಚೀಟಿ ಕೊಡದೆ ನಾನೇ ಸಾಲು ಉದ್ದ ಮಾಡಿಕೊಂಡಿದ್ದೆ.

ಮರುದಿನ ಪಿಡಿಒ ಅವರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಟ್ಟುಬಿಡು, ನೋಟಿಸ್ ಬಂದರೆ ನನಗೆ ಬರುತ್ತೆ" ಅಂದರು. ಅಂಚೆ ಕಚೇರಿಯವರ ಹತ್ತಿರ ಇರುತ್ತಲ್ಲ, ದಿನಾಂಕ ತಿರುಗಿಸುವ ಠಸ್ಸೆ, ಅಂಥದ್ದೊಂದು ತರಿಸಿದೆವು. ಕಾಕಾಗೆ ಓದು ಬರಹ ಕಮ್ಮಿ, ಕಂಪ್ಯೂಟರ್ ಮುಟ್ಟುವವರಲ್ಲ. ಆದರೆ ಐದು ಹಳ್ಳಿಯಲ್ಲಿ ಯಾರ ಸೊಸೆ ಯಾರು ಅನ್ನುವುದು ಅವರಿಗೆ ಬಾಯಿಪಾಠ. ಅವರನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿದೆ. ಅರ್ಜಿ ತಗೊಳ್ಳೋದು, ಠಸ್ಸೆ ಒತ್ತಿ ಚೀಟಿ ಹರಿದು ಕೊಡೋದು, ಹಳ್ಳಿವಾರು ಕಟ್ಟು ಕಟ್ಟೋದು ಅವರ ಕೆಲಸ. ಎರಡನೇ ಸಲ ಬಂದವರನ್ನು ಅವರೇ ಗುರುತು ಹಿಡಿದು, "ನಿಂದು ಆಗ್ಯದ, ನಡಿ" ಅನ್ನುತ್ತಿದ್ದರು. ನನ್ನ ಬಾಗಿಲ ಮುಂದೆ ಜನ ಕಮ್ಮಿಯಾದರು.

ಎಂಟ್ರಿಯನ್ನು ರಾತ್ರಿಗೆ ಹಾಕಿಕೊಂಡೆ. ಹಗಲು ಸರ್ವರ್ ಎದ್ದೇಳುತ್ತಿರಲಿಲ್ಲ, ಹತ್ತು ಗಂಟೆ ಮೇಲೆ ಓಡುತ್ತಿತ್ತು. ಹಗಲೆಲ್ಲ ಹೊಸ ಜಾಬ್ ಕಾರ್ಡ್, ಖಾತ್ರಿ ಕೆಲಸಕ್ಕೆ ಮನೆಗೊಂದು ಬೇಕಾದ ಕಾರ್ಡ್. ನಿಜವಾದ ತಲೆನೋವು ಅದು. ಮದುವೆಯಾಗಿ ಬಂದ ಸೊಸೆಯರ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ. ಬೇರೆ ಮನೆ ಮಾಡಿದ ಅಣ್ಣತಮ್ಮಂದಿರಿಗೆ ಅಪ್ಪನ ಒಂದೇ ಕಾರ್ಡು, ಮೂರು ಸಂಸಾರಕ್ಕೂ ಸೇರಿ 100 ದಿನ. ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಒಂದೊಂದು ಕಾರ್ಡಿಗೆ ಅರ್ಧ ಗಂಟೆ. ಇಲ್ಲಿ ಯಾವ ಉಪಾಯವೂ ನಡೆಯಲಿಲ್ಲ, ಕೂತು ಮಾಡಿದ್ದಷ್ಟೇ.

ಹೊಲದ ಬದು, ಕೃಷಿ ಹೊಂಡ, ಕೆರೆ ಹೂಳು ಅಂತ ಕೆಲಸಕ್ಕೆ ಬರವಿರಲಿಲ್ಲ. ಅಳತೆ ಹಿಡಿಯುವ ಎಂಜಿನಿಯರ್ ಒಬ್ಬರೇ, ಅವರಿಗೂ ಹಲವು ಪಂಚಾಯಿತಿ. ಅಳತೆ ಆಗದೆ ಕೂಲಿ ಇಲ್ಲ. ಅದಕ್ಕೆ ಒಂದು ದಿಕ್ಕಿನ ಹೊಲಗಳನ್ನೆಲ್ಲ ಒಂದೇ ವಾರಕ್ಕೆ ಎತ್ತಿಕೊಂಡೆವು, ಅವರು ಒಂದು ಸುತ್ತಿಗೆ ಮುಗಿಸಲಿ ಅಂತ. ಪೂರ್ವದ ಹೊಲದವರು ನಮ್ಮ ಸರದಿ ಯಾವಾಗ ಅಂತ ಜಗಳಕ್ಕೇ ಬಂದರು, ಅದು ಬೇರೆ ಮಾತು.

15 ದಿನ ಎಲ್ಲರಿಗೂ ಕಾಪಾಡಿದೆವಾ? ಇಲ್ಲ. ಜೂನ್ ಮೊದಲ ವಾರದ ಕಟ್ಟಿನಲ್ಲಿ ಕೆಲವರಿಗೆ ಮೂರು ನಾಲ್ಕು ದಿನ ತಡವಾಯಿತು. ಚೀಟಿ ಹಿಡಿದು ಇಬ್ಬರು ಭತ್ಯೆ ಕೇಳಿದರು. ಅರ್ಜಿ ಬರೆದುಕೊಟ್ಟವನು ನಾನೇ. ಪಿಡಿಒ ಅವರಿಗೆ ಹೇಳಿಯೇ ಬರೆದೆ. ಮೇಲಿನ ಕಚೇರಿಯಿಂದ ಭತ್ಯೆ ಬರಲಿಲ್ಲ, ಪಿಡಿಒ ಅವರಿಗೆ ನೋಟಿಸೂ ಬರಲಿಲ್ಲ. ಇನ್ನೊಬ್ಬ ಆಪರೇಟರ್ ಕೊಡಿ ಅಂತ ಅದೇ ದಿನ ಕಳಿಸಿದ ಪತ್ರಕ್ಕೂ ಉತ್ತರ ಇಲ್ಲ. ಅದರ ಸ್ವೀಕೃತಿ ಮಾತ್ರ ನನ್ನ ಹತ್ತಿರ ಇದೆ, ದಿನಾಂಕ ಸಮೇತ.