ದ್ವೀಪದಲ್ಲಿ ಮೀಟಿಂಗ್ ಇಡುವವರು ಮೊದಲು ದೋಣಿಯ ಲೆಕ್ಕ ಹಾಕಿ

ದ್ವೀಪದಲ್ಲಿ ಡೀಲರ್ ಮೀಟ್, ಅಂದರೆ ಕಂಪನಿ ತನ್ನ ಡೀಲರುಗಳನ್ನು ಕೂಡಿಸುವ ಸಭೆ, ಮಾಡಬೇಕೆಂದು ಬರುವವರು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡೇ ಬರುತ್ತಾರೆ. ನೀಲಿ ನೀರು, ಬಿಳಿ ಮರಳು, ನೀರಿನ ಕಡೆ ಬಾಗಿದ ತೆಂಗಿನ ಮರ. “ಅಣ್ಣಾರ, ಇದೇ ಜಾಗ ಬೇಕ್ರಿ. ನಲವತ್ತು ಮಂದಿ, ಮೂರು ದಿನ” ಅನ್ನುತ್ತಾರೆ. ಕಲಬುರಗಿ, ಬೀದರ್, ಯಾದಗಿರಿಯ ಬೀಜ-ಗೊಬ್ಬರದ ವ್ಯಾಪಾರಿಗಳು, ದಾಲ್ ಮಿಲ್ಲಿನವರು, ಸಿಮೆಂಟ್ ಡೀಲರುಗಳನ್ನು ಗುಂಪಾಗಿ ಕರೆದುಕೊಂಡು ಹೋಗುವ ಕೆಲಸ ನನ್ನದು, ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ಹೋಟೆಲಿನಿಂದ ಕೆಟ್ಟ ಕಾರ್ಯಕ್ರಮ ಒಂದೆರಡು, ಊಟದಿಂದ ಕೆಟ್ಟದ್ದು ಮೂರ್ನಾಲ್ಕು. ಉಳಿದವೆಲ್ಲ ಕೆಟ್ಟದ್ದು ಜೆಟ್ಟಿಯ ಮೇಲೆ, ದೋಣಿಗೆ ಕಾಯುತ್ತ ನಿಂತಲ್ಲಿ.

ಯಾದಗಿರಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸವಸಾಗರ ಅಣೆಕಟ್ಟಿನಿಂದ ಕೃಷ್ಣೆಗೆ ನೀರು ಬಿಟ್ಟಾಗ ನದಿಯ ನಡುವಿನ ನೀಲಕಂಠರಾಯನಗಡ್ಡೆಯ ದಾರಿ ಕಡಿದುಹೋಗುತ್ತಿದ್ದುದನ್ನು ಪತ್ರಿಕೆಯಲ್ಲಿ ಓದುತ್ತಲೇ ಬೆಳೆದವರು ನಾವು. ಗಡ್ಡೆಗೂ ಅಂಡಮಾನಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ನೀರು ಬೇಡ ಅಂದರೆ ಯಾರೂ ದಾಟುವಂತಿಲ್ಲ.

ತಿಂಗಳು ಮೊದಲು, ಜಾಗ ಆಮೇಲೆ

ಅಂಡಮಾನಿನ ಕಡಲು ಶಾಂತವಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಮೇ ತಿಂಗಳಿನಿಂದ ನೈಋತ್ಯ ಮುಂಗಾರು, ಅಕ್ಟೋಬರ್ ನಂತರ ಈಶಾನ್ಯದ ಮಳೆ. ನಮ್ಮ ಕಡೆಯ ತೊಡಕು ಏನೆಂದರೆ ಹೊಸ ತೊಗರಿ ಮಾರುಕಟ್ಟೆಗೆ ಬರುವುದೂ ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ. ಆಗ ದಾಲ್ ಮಿಲ್ಲಿನವರನ್ನು ಎಳೆದುಕೊಂಡು ಹೋದರೆ ಮೈ ಅಲ್ಲಿ, ಮನಸ್ಸು ಎಪಿಎಂಸಿಯಲ್ಲಿ. ಮಾರ್ಚ್ ಲೆಕ್ಕಪತ್ರದ ತಿಂಗಳು, ಮೇಲೆ ಶರಣಬಸವೇಶ್ವರರ ಜಾತ್ರೆ. ಬೀಜ-ಗೊಬ್ಬರದವರಿಗೆ ಮೇ ಹತ್ತಿರ ಬಂದರೆ ಉಸಿರು ಬಿಡಲೂ ಸಮಯ ಇರುವುದಿಲ್ಲ. ಎಲ್ಲ ಕಳೆದು ಉಳಿಯುವುದು ಏಪ್ರಿಲ್‌ನ ಮೊದಲ ಮೂರು ವಾರ. ಕಲಬುರಗಿ ಕಾದ ಹಂಚಾಗಿರುವ ಹೊತ್ತು, ಕಡಲು ಸಮಾಧಾನದಲ್ಲಿರುವ ಹೊತ್ತು. ನಾನು ಬೇರೆ ತಿಂಗಳು ಸೂಚಿಸುವುದಿಲ್ಲ.

ಬಾಲಿಗೆ ಹೋಗುವವರು ಮಾತ್ರ ಯುಗಾದಿಯ ಆಸುಪಾಸಿನ ದಿನಗಳನ್ನು ಎರಡು ಸಲ ನೋಡಿಕೊಳ್ಳಬೇಕು. ನಮ್ಮಂತೆ ಅವರೂ ಶಕವರ್ಷ ಎಣಿಸುತ್ತಾರೆ. ಅವರ ಹೊಸ ವರ್ಷದ ದಿನ ನ್ಯೆಪಿ ಎಂಬ ಮೌನದ ಹಬ್ಬ. ಆ ಇಪ್ಪತ್ತನಾಲ್ಕು ಗಂಟೆ ವಿಮಾನ ನಿಲ್ದಾಣ ಮುಚ್ಚಿರುತ್ತದೆ, ರಸ್ತೆಗೆ ಯಾರೂ ಇಳಿಯುವಂತಿಲ್ಲ, ಹೋಟೆಲಿನವರೂ ಹೊರಗೆ ಬಿಡುವುದಿಲ್ಲ. 2026ರಲ್ಲಿ ನ್ಯೆಪಿಯೂ ಯುಗಾದಿಯೂ ಮಾರ್ಚ್ 19ರಂದೇ ಬಿದ್ದವು. ಹಬ್ಬದ ರಜೆ ಸಿಗುತ್ತದೆಂದು ಆ ದಿನವೇ ಟಿಕೆಟ್ ಹುಡುಕುವವರನ್ನು ಕಂಡಿದ್ದೇನೆ.

ಯಾವ ದ್ವೀಪ ಯಾರಿಗೆ

ಇಪ್ಪತ್ತು ಮಂದಿಯೊಳಗಿನ ಗುಂಪು, ಮದ್ಯದ ಮಾತಿಲ್ಲ, ಮೂರು ತಿಂಗಳು ಮೊದಲೇ ಹೆಸರು ಕೊಡಬಲ್ಲರು ಎಂದಾದರೆ ಲಕ್ಷದ್ವೀಪ. ಭಾರತೀಯರಿಗೂ ಅಲ್ಲಿಗೆ ಹೋಗಲು ಪರವಾನಗಿ ಬೇಕು. ಕೊಚ್ಚಿಯಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ಹೋಗುವ ವಿಮಾನಗಳು ಚಿಕ್ಕವು, ಕೋಣೆಗಳು ಎಣಿಕೆಗೆ ಸಿಗುವಷ್ಟೇ. ಕೊನೆಯ ವಾರ “ನಮ್ಮ ಭಾವನೂ ಬರ್ತಾನ್ರಿ” ಅಂದರೆ ಆಗುವ ಮಾತಲ್ಲ. ಅಲ್ಲಿನ ಅಮಿನಿ, ಕಡ್ಮತ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಇದನ್ನು ಗುಂಪಿನವರಿಗೆ ನಾನು ಪ್ರತಿ ಸಲ ಹೇಳುತ್ತೇನೆ, ಹೇಳಿದ ಮೇಲೆ ಅವರು ಆ ನೆಲವನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಹಣ ಕಡಿಮೆ ಇದ್ದರೆ ಉಡುಪಿ ಅಥವಾ ಮಣಿಪಾಲದಲ್ಲಿ ಸಭೆ ಮಾಡಿ, ಮಲ್ಪೆಯಿಂದ ಅರ್ಧ ದಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬನ್ನಿ. ಕೆತ್ತಿ ನಿಲ್ಲಿಸಿದಂತಿರುವ ಆ ಕಲ್ಲಿನ ಕಂಬಗಳು ಜ್ವಾಲಾಮುಖಿಯ ಲಾವಾ ತಣಿದು ಆದವು. ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ.

ವಯಸ್ಸಾದವರು ಹೆಚ್ಚಿದ್ದರೆ ಸೇತುವೆ ಇರುವ ದ್ವೀಪವನ್ನೇ ಹಿಡಿಯಿರಿ. ರಾಮೇಶ್ವರವೂ ದ್ವೀಪವೇ, ದೀವ್ ಕೂಡ. ಬಸ್ಸಿನಲ್ಲಿ ಕೂತೇ ಒಳಗೆ ಹೋಗಬಹುದು.

ಮಾಲ್ಡೀವ್ಸ್ ಬಗ್ಗೆ ಕೇಳುವವರು ಬಹಳ. ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಹೊರಗೆ ಹೋಗಿ ಚಹಾ ಕುಡಿಯುತ್ತೇನೆ ಅಂದರೂ ಹೊರಗೆ ಎಂಬುದೇ ಇಲ್ಲ. ದೂರದ ರೆಸಾರ್ಟಿಗೆ ಒಯ್ಯುವ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ವಿಮಾನ, ಹಾರುವುದು ಹಗಲಿನಲ್ಲಿ ಮಾತ್ರ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ವಿಮಾನ ನಿಲ್ದಾಣದ ಹತ್ತಿರವೇ ಕಳೆಯಬೇಕು, ಅದರ ಖರ್ಚು ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ. ಹೋಗಲೇಬೇಕೆಂದಿದ್ದರೆ ಸ್ಪೀಡ್ ಬೋಟಿನಲ್ಲಿ ತಲುಪುವಷ್ಟು ಹತ್ತಿರದ ರೆಸಾರ್ಟ್ ಆರಿಸಿ. ಮದ್ಯವನ್ನಾಗಲಿ ಪೂಜೆಯ ಮೂರ್ತಿಯನ್ನಾಗಲಿ ದೇಶದೊಳಗೆ ಒಯ್ಯುವಂತಿಲ್ಲ. ದಿನಾ ದೇವರ ಪೂಜೆ ಮಾಡಿಯೇ ಊಟಕ್ಕೆ ಕೂಡುವ ಹಿರಿಯರಿದ್ದರೆ ಟಿಕೆಟ್ ತೆಗೆಯುವ ಮೊದಲೇ ಅವರ ಮನೆಗೆ ಹೋಗಿ ಹೇಳಿಬನ್ನಿ. ಅಲ್ಲಿನ ಕಸ್ಟಮ್ಸ್ ಕೌಂಟರಿನಲ್ಲಿ ಅವರಿಗೆ ಆಗುವ ಸಂಕಟವನ್ನು ಯಾವ ರೆಸಾರ್ಟೂ ತುಂಬಿಕೊಡಲಾರದು.

ನಲವತ್ತು-ಐವತ್ತು ಮಂದಿಯ ಗುಂಪಿಗೆ ನನ್ನ ಆಯ್ಕೆ ಅಂಡಮಾನ್. ಪಾಸ್‌ಪೋರ್ಟ್ ಬೇಡ, ರೂಪಾಯಿ ನಡೆಯುತ್ತದೆ, ಹಿಂದಿ ಎಲ್ಲರಿಗೂ ಬರುತ್ತದೆ.

ದಾಟುವ ಲೆಕ್ಕ

ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ. ಒಂದು ಹಾಳೆ ತೆಗೆದುಕೊಂಡು ಕೂಡಿ.

ಮೊದಲು ಕಲಬುರಗಿಯಿಂದ ಹೈದರಾಬಾದ್ ವಿಮಾನ ನಿಲ್ದಾಣದವರೆಗಿನ ರಸ್ತೆ ಬರೆಯಿರಿ. ಸುಮಾರು 220 ಕಿಲೋಮೀಟರ್. ಕಾರಿಗೆ ನಾಲ್ಕೂವರೆ ಗಂಟೆ ಸಾಕು ಎನ್ನುತ್ತಾರೆ. ನಲವತ್ತು ಮಂದಿಯ ಬಸ್ಸು ಒಂದು ಸಲ ಚಹಾಕ್ಕೆ, ಒಂದು ಸಲ ಮೂತ್ರಕ್ಕೆ, ಒಂದು ಸಲ ಯಾರೋ ಮರೆತ ಆಧಾರ್ ಕಾರ್ಡ್ ಹಿಂದಿನ ಗಾಡಿಯಲ್ಲಿ ಬರಲೆಂದು ನಿಲ್ಲುತ್ತದೆ. ಏಳು ಗಂಟೆ ಬರೆಯಿರಿ. ಬೀದರಿನವರಿಗೆ ದಾರಿ ಕಡಿಮೆ, ಅವರು ತಮ್ಮದೇ ಬಸ್ಸಿನಲ್ಲಿ ಬರಲಿ, ದಾರಿಯಲ್ಲಿ ಕೂಡೋಣ ಎಂಬ ಏರ್ಪಾಟು ಬೇಡ. ಒಂದು ಬಸ್ಸು ಇನ್ನೊಂದಕ್ಕೆ ಕಾಯುತ್ತ ಎರಡೂ ತಡವಾಗುತ್ತವೆ. ನೇರ ವಿಮಾನ ನಿಲ್ದಾಣದಲ್ಲೇ ಸೇರಿ.

ಹೈದರಾಬಾದಿನಿಂದ ಅಂಡಮಾನಿಗೆ ನೇರ ವಿಮಾನ ಸುಮಾರು ಎರಡೂವರೆ ಗಂಟೆ. ಟಿಕೆಟ್ಟಿನ ಮೇಲೆ ಇಳಿಯುವ ಊರು ಪೋರ್ಟ್ ಬ್ಲೇರ್ ಎಂದೋ ಶ್ರೀ ವಿಜಯಪುರಂ ಎಂದೋ ಇರಬಹುದು, ಎರಡೂ ಒಂದೇ. 2024ರ ಸೆಪ್ಟೆಂಬರಿನಲ್ಲಿ ಹೆಸರು ಬದಲಾಯಿತು. ಹಾಗೆಯೇ ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, 2018ರಿಂದ. ಏಜೆಂಟರು ಹಳೆಯದನ್ನೂ ಹೊಸದನ್ನೂ ಬೆರೆಸಿ ಬರೆಯುವುದರಿಂದ ಒಂದೇ ಜಾಗವನ್ನು ಎರಡೆಂದು ತಿಳಿದು ಹಣ ಕೊಟ್ಟವರಿದ್ದಾರೆ.

ಈಗ ಕಡಲು. ಶ್ರೀ ವಿಜಯಪುರದಿಂದ ಸ್ವರಾಜ್ ದ್ವೀಪಕ್ಕೆ ಖಾಸಗಿ ಫೆರಿಯಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ. ಸರ್ಕಾರಿ ಹಡಗು ಅಗ್ಗ, ಆದರೆ ದೊಡ್ಡ ಗುಂಪಿಗೆ ಒಟ್ಟಿಗೆ ಟಿಕೆಟ್ ಸಿಗುವುದನ್ನು ನೆಚ್ಚಿಕೊಳ್ಳಬೇಡಿ. ಗಾಳಿ ಎದ್ದರೆ ಬಂದರಿನವರು ದೋಣಿ ನಿಲ್ಲಿಸುತ್ತಾರೆ. ಬೇಡಿಕೊಂಡರೂ ಬಿಡುವುದಿಲ್ಲ, ಬಿಡಲೂಬಾರದು.

ನನಗೆ ಇದು ತಿಳಿದದ್ದು ನಲವತ್ತಾರು ಮಂದಿಯ ಒಂದು ಗುಂಪಿನಿಂದ. ಕಾರ್ಯಕ್ರಮ ಪಟ್ಟಿಯನ್ನು ಏಜೆಂಟರೊಬ್ಬರು ಮಾಡಿಕೊಟ್ಟಿದ್ದರು, ನಾನು ಕಣ್ಣು ಮುಚ್ಚಿ ಒಪ್ಪಿದ್ದೆ. ಮೊದಲ ಎರಡು ದಿನ ಸ್ವರಾಜ್ ದ್ವೀಪದಲ್ಲಿ ತಿರುಗಾಟ, ಮೂರನೆಯ ಸಂಜೆ ಅಲ್ಲಿಯೇ ಸಭೆ, ನಾಲ್ಕನೆಯ ಬೆಳಿಗ್ಗೆ ಫೆರಿ, ಮಧ್ಯಾಹ್ನ ವಿಮಾನ. ಆ ಬೆಳಿಗ್ಗೆ ಫೆರಿ ಬಿಡಲಿಲ್ಲ. ಜೆಟ್ಟಿಯ ತಗಡಿನ ಶೆಡ್ಡಿನಲ್ಲಿ ಎಲ್ಲರೂ ಬ್ಯಾಗಿನ ಮೇಲೆ ಕೂತಿದ್ದೆವು. ಸೇಡಂ ಕಡೆಯ ಹಿರಿಯರೊಬ್ಬರು ಸಕ್ಕರೆ ಕಾಯಿಲೆಯವರು, ಊಟದ ಹೊತ್ತು ಮೀರಿ ಕೈ ನಡುಗುತ್ತಿತ್ತು. ಪಕ್ಕದವರು ಚೀಲದಿಂದ ಖಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ ಕೊಟ್ಟರು. “ತಮ್ಮಾ, ನೀ ಚಿಂತಿ ಮಾಡಬ್ಯಾಡ” ಎಂದು ಅವರೇ ನನಗೆ ಹೇಳಿದರು. ವಿಮಾನ ತಪ್ಪಿತು. ನಲವತ್ತಾರು ಟಿಕೆಟ್ ಹೊಸದಾಗಿ ತೆಗೆದೆವು, ಅದರ ಭಾರ ಇಳಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಅಂದಿನಿಂದ ಪಟ್ಟಿಯನ್ನು ತಿರುಗಿಸಿದ್ದೇನೆ. ವಿಮಾನ ಇಳಿಯುವ ದ್ವೀಪದಲ್ಲೇ ಮೊದಲು ಸಭೆ. ಇಳಿದ ದಿನ ವಿಶ್ರಾಂತಿ, ಎರಡನೆಯ ದಿನ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಸಭೆ, ಮಧ್ಯಾಹ್ನ ಸೆಲ್ಯುಲಾರ್ ಜೈಲು. ಮೂರನೆಯ ದಿನ ಬೆಳಿಗ್ಗೆ ಫೆರಿ ಹತ್ತಿ ಸ್ವರಾಜ್ ದ್ವೀಪ, ರಾಧಾನಗರದ ಕಡಲತೀರ. ನಾಲ್ಕನೆಯ ದಿನ ಫೆರಿಯಲ್ಲಿ ವಾಪಸು, ರಾತ್ರಿ ಶ್ರೀ ವಿಜಯಪುರದಲ್ಲಿ ಮುಕ್ಕಾಂ. ಐದನೆಯ ದಿನ ವಿಮಾನ. ಮೂರನೆಯ ದಿನ ದೋಣಿ ಬಿಡದಿದ್ದರೆ ನಿಮ್ಮ ಕೈ ತಪ್ಪುವುದು ಒಂದು ಬೀಚು, ಸಭೆ ಮುಗಿದಿರುತ್ತದೆ. ನಾಲ್ಕನೆಯ ದಿನ ಬೆಳಗಿನ ಫೆರಿ ಬಿಡದಿದ್ದರೆ ಸಂಜೆಯದು, ಅದೂ ಇಲ್ಲವಾದರೆ ಐದನೆಯ ಬೆಳಗಿನದು ಇದೆ. ಅದಕ್ಕೇ ಹಿಂದಿರುಗುವ ವಿಮಾನವನ್ನು ಸಾಧ್ಯವಾದಷ್ಟು ತಡವಾದ ಹೊತ್ತಿಗೆ ತೆಗೆಯಿರಿ. ಇದಕ್ಕೆ ಒಂದು ರಾತ್ರಿಯ ಬಾಡಿಗೆ ಹೆಚ್ಚು ಬೀಳುತ್ತದೆ. ಅದನ್ನು ಉಳಿಸುವ ದಾರಿ ಹೇಳಿಕೊಡುವ ಏಜೆಂಟರನ್ನು ನಂಬಬೇಡಿ.

ಎಲ್ಲರಿಗೂ ಒಂದೇ ಫೆರಿಯಲ್ಲಿ ಸೀಟು ಸಿಕ್ಕಿದೆಯೇ ಎಂದು ಟಿಕೆಟ್ ಕೈಗೆ ತೆಗೆದುಕೊಂಡು ಎಣಿಸಿ. ಮೂವತ್ತು ಮಂದಿ ಬೆಳಗಿನದರಲ್ಲಿ, ಹತ್ತು ಮಂದಿ ಮಧ್ಯಾಹ್ನದ್ದರಲ್ಲಿ ಎಂದರೆ ಒಪ್ಪಬೇಡಿ. ಕಡಲು ಹೊಸದಾದವರಿಗೆ ವಾಂತಿ ಖಚಿತ. ಗುಳಿಗೆಯನ್ನು ದೋಣಿ ಅಲುಗಾಡಿದ ಮೇಲೆ ನುಂಗಿದರೆ ಉಪಯೋಗವಿಲ್ಲ, ಒಂದು ಗಂಟೆ ಮೊದಲು ನುಂಗಬೇಕು. ಬಿಪಿ, ಸಕ್ಕರೆ ಇದ್ದವರು ತಮ್ಮ ಡಾಕ್ಟರನ್ನು ಊರಲ್ಲೇ ಕೇಳಿಕೊಂಡು ಬರಲಿ. ಜೆಟ್ಟಿಯ ಹತ್ತಿರ ಮೊಬೈಲ್ ಹಾಕಿಕೊಳ್ಳುವ ಪಾರದರ್ಶಕ ಚೀಲ ಮಾರುತ್ತಾರೆ, ನೀರು ಒಳಗೆ ಹೋಗುವುದಿಲ್ಲ ಎಂದು. ನನ್ನ ಗುಂಪಿನಲ್ಲಿ ಅದರಿಂದ ಮೂರು ಫೋನು ಹೋಗಿವೆ. ಗಟ್ಟಿ ಮುಚ್ಚಳದ ಮೊಸರಿನ ಡಬ್ಬಿ ಅದಕ್ಕಿಂತ ಮೇಲು.

ಸಭಾಂಗಣ

ಅಂಡಮಾನಿನಲ್ಲಿ ಗಡಿಯಾರ ನಮ್ಮದೇ, ಸೂರ್ಯ ಬೇರೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ. ನಾಲ್ಕಕ್ಕೆ ಸಭೆ ಮುಗಿಸಿ ಕಡಲಿಗೆ ಹೋಗುತ್ತೇವೆ ಎಂದರೆ ಕತ್ತಲೆ ನೋಡಿ ಬರುತ್ತೀರಿ.

ಹಾಲ್ ಬಗ್ಗೆ ಹೋಟೆಲಿನವರಿಗೆ ಮೂರೇ ಪ್ರಶ್ನೆ: ನಡುವೆ ಕಂಬ ಇದೆಯೇ, ಜನರೇಟರ್ ಹಾಲಿನ ಎಸಿಗೂ ಇದೆಯೇ, ಪ್ರೊಜೆಕ್ಟರ್ ಅವರದೇನಾ ಹೊರಗಿನಿಂದ ತರಿಸುತ್ತಾರಾ. ಉತ್ತರವನ್ನು ವಿಡಿಯೋ ಕಾಲಿನಲ್ಲಿ ಕಣ್ಣಾರೆ ನೋಡಿ. ಚೆನ್ನೈಯಿಂದ ಕಡಲ ತಳದಲ್ಲಿ ಎಳೆದ ಕೇಬಲ್ 2020ರ ಆಗಸ್ಟಿನಲ್ಲಿ ಚಾಲೂ ಆದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಆದರೂ ನಿಮ್ಮ ಪ್ರೆಸೆಂಟೇಶನ್ ಪೆನ್ ಡ್ರೈವಿನಲ್ಲಿ ಇರಲಿ.

ಆಡಿಟರ್ ಹತ್ತಿರ ಒಂದು ಸಲ

ಬಹಳ ಮಂದಿಗೆ ಇದು ಗೊತ್ತೇ ಇಲ್ಲ. 2022ರ ಜುಲೈ 1ರಿಂದ, ಕಂಪನಿಯೊಂದು ತನ್ನ ಡೀಲರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಸವಲತ್ತು ಕೊಟ್ಟರೆ ಶೇ 10 ಟಿಡಿಎಸ್, ಅಂದರೆ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಕಡಿಯಬೇಕು. ಆಡಿಟರುಗಳು ಇದನ್ನು ಕಾಯ್ದೆಯ ಕಲಮಿನ ಹೆಸರಿನಿಂದ 194ಆರ್ ಎಂದು ಕರೆಯುತ್ತ ಬಂದಿದ್ದಾರೆ. ಹೊಸ ಸರಕಿನ ಪರಿಚಯ, ಮಾರಾಟದ ತರಬೇತಿಯಂಥ ನಿಜವಾದ ಸಭೆಯ ಖರ್ಚು ಇದರಲ್ಲಿ ಬರುವುದಿಲ್ಲ. ತಿರುಗಾಟದ ಭಾಗ ಬರುತ್ತದೆ, ಜೊತೆಗೆ ಬಂದ ಮನೆಯವರ ಖರ್ಚು ಬರುತ್ತದೆ. ಸಭೆಯ ಹಿಂದಿನ ಒಂದು ದಿನ, ಮುಂದಿನ ಒಂದು ದಿನದ ವಾಸ್ತವ್ಯಕ್ಕೆ ವಿನಾಯಿತಿ ಇದೆ. ಹಾಜರಿ ಪುಸ್ತಕ, ಸಭೆಯ ವಿಷಯಪಟ್ಟಿ, ಫೋಟೋ ಎಲ್ಲ ಇಟ್ಟುಕೊಳ್ಳಿ. ಬಿಲ್ಲುಗಳನ್ನು ಸಭೆಯದು ಬೇರೆ, ತಿರುಗಾಟದ್ದು ಬೇರೆ ಮಾಡಿಸಿ. ಬುಕ್ಕಿಂಗ್ ಮಾಡುವ ಮೊದಲೇ ಆಡಿಟರನ್ನು ಕಾಣಿ. ಡೀಲರಿಗೂ ಮೊದಲೇ ತಿಳಿಸಿ, ಇಲ್ಲದಿದ್ದರೆ ಅವರ ತೆರಿಗೆ ಲೆಕ್ಕದಲ್ಲಿ ಇದು ಕಾಣಿಸಿಕೊಂಡಾಗ ಸಂಬಂಧ ಕೆಡುತ್ತದೆ.

ಊಟ, ಸಾಮಾನು

ಲಿಂಗಾಯತರು, ಜೈನರು, ಮುಸ್ಲಿಮರು ಎಲ್ಲರೂ ಇರುವ ಗುಂಪು ನಮ್ಮದು. ಶಾಕಾಹಾರದ ಕೌಂಟರ್ ಬೇರೆ ಮೇಜಿನ ಮೇಲೆ, ಬೇರೆ ಚಮಚಗಳೊಂದಿಗೆ ಇರಬೇಕೆಂದು ಬರಹದಲ್ಲಿ ಪಡೆಯಿರಿ. ತಲೆಗೆ ಹತ್ತು ಖಡಕ್ ರೊಟ್ಟಿ, ಕಾಲು ಕಿಲೋ ಶೇಂಗಾ ಹಿಂಡಿ ಊರಿಂದಲೇ ಕಟ್ಟಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಬರುವಾಗ ಹವಳದ ಚೂರು ಯಾರೂ ತರಬಾರದು, ಕಾನೂನಿನ ಪ್ರಕಾರ ಅಪರಾಧ, ವಿಮಾನ ನಿಲ್ದಾಣದಲ್ಲಿ ತೆಗೆಸಿ ನಿಲ್ಲಿಸುತ್ತಾರೆ.

ಹೊರಡುವ ಹಿಂದಿನ ದಿನ ಪ್ರತಿಯೊಬ್ಬರ ಕೈಗೆ ಒಂದು ಹಾಳೆ ಕೊಡುತ್ತೇನೆ. ಕನ್ನಡದಲ್ಲಿ, ಕನ್ನಡಕ ಇಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ. ಫೆರಿಯ ಹೆಸರು, ಬಿಡುವ ಹೊತ್ತು, ಹೋಟೆಲಿನ ವಿಳಾಸ, ನನ್ನ ನಂಬರು, ಕೋಣೆಯ ಜೊತೆಗಾರನ ನಂಬರು. ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದೇನಲ್ಲ ಎಂದು ಬಿಡುವುದಿಲ್ಲ. ಜೆಟ್ಟಿಯಲ್ಲಿ ಸಿಗ್ನಲ್ ಹೋದಾಗ ನಲವತ್ತು ಮಂದಿಯೂ ಜೇಬಿನಿಂದ ಆ ಹಾಳೆಯನ್ನೇ ತೆಗೆಯುತ್ತಾರೆ.