ಗ್ಲೈಡರನ್ನು ಅಂಗಾತ ಮಲಗಿಸುವ ಬಗೆ

ನಾನು ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಹಾರಿಸುವ ಕ್ಲಬ್ ಜರ್ಮನಿಯಲ್ಲಿದೆ. ಇಲ್ಲಿ ಚಳಿಗಾಲಕ್ಕೆ ಹಾರಾಟ ಹೆಚ್ಚುಕಡಿಮೆ ನಿಲ್ಲುತ್ತದೆ, ಸದಸ್ಯರೆಲ್ಲ ವರ್ಕ್‌ಶಾಪಿಗೆ ಇಳಿಯುತ್ತಾರೆ. ನನ್ನ ಪಾಲಿಗೆ ಬಂದದ್ದು ಎಎಸ್‌ಕೆ 21. ರುಡಾಲ್ಫ್ ಕೈಸರ್ ವಿನ್ಯಾಸದ, 17 ಮೀಟರ್ ರೆಕ್ಕೆಯ, ಇಬ್ಬರು ಕೂರುವ ಫೈಬರ್‌ಗ್ಲಾಸ್ ಗ್ಲೈಡರ್. ಚಕ್ರ, ಬ್ರೇಕು, ಹಗ್ಗ ಸಿಕ್ಕಿಸುವ ಕೊಕ್ಕೆ, ಉಜ್ಜಿ ಸವೆದ ಜೆಲ್‌ಕೋಟ್ (ಫೈಬರ್‌ಗ್ಲಾಸಿನ ಹೊರಲೇಪ), ಕೆಲಸವೆಲ್ಲ ಹೊಟ್ಟೆಯ ಕೆಳಗೇ. ಅಡಿಯಲ್ಲಿ ಮಲಗಿ ಸ್ಯಾಂಡಿಂಗ್ ಮಾಡಿದರೆ ಧೂಳು ನೇರ ಮುಖಕ್ಕೆ. ಗ್ಲೈಡರನ್ನೇ ತಿರುಗಿಸೋದು ವಾಸಿ ಅಲ್ವಾ?

ಮೊದಲ ಪ್ರಶ್ನೆ, ಹಿಡಿಯೋದು ಎಲ್ಲಿ? ರೆಕ್ಕೆ ಕಳಚಿದ ಮೇಲೆ ಉಳಿಯುವ ಒಡಲು, ಅಂದರೆ ಫ್ಯೂಸಲಾಜಿನ ಚರ್ಮ ತೆಳು. ಸಿಕ್ಕಲ್ಲಿ ಬಿಗಿದರೆ ಬಿರುಕು ಬಿಡುತ್ತದೆ. ಹಾರುವಾಗ ಅದರ ಭಾರವನ್ನೆಲ್ಲ ಹೊರುವುದು ರೆಕ್ಕೆ ಕೂರುವ ಜಾಗದ ಫಿಟ್ಟಿಂಗುಗಳು. ಹಾಗಾಗಿ ನಾನೂ ಅಲ್ಲೇ ಹಿಡಿದೆ. ಅಲ್ಲಿನ ಅಳತೆಗೆ ಲೇತ್‌ನಲ್ಲಿ ಉಕ್ಕಿನ ಪಿನ್ ಮಾಡಿಸಿದೆ. ಗ್ರೀಸ್ ಹಚ್ಚಿದರೆ ಕೈಯಲ್ಲೇ ಒಳಗೆ ಹೋಗಬೇಕು. ಸುತ್ತಿಗೆ ಬೇಕಾದರೆ ಅಳತೆ ತಪ್ಪಿದೆ ಅಂತಲೇ ಅರ್ಥ.

ಪಿನ್ನುಗಳ ಭಾರ ಹೊರುವುದು ಪ್ಲೈವುಡ್ಡಿನ ದೊಡ್ಡ ಉಂಗುರ. ಎರಡು ಪದರ, ಸಂದು ಸಂದಿನ ಮೇಲೆ ಬರದ ಹಾಗೆ ಅಂಟಿಸಿದ್ದು, ಎರಡು ಹೋಳಾಗಿ ಬಿಚ್ಚುವಂಥದ್ದು. ಬಾಲದ ಕಡೆ ಇನ್ನೊಂದು ಸಣ್ಣ ಉಂಗುರ. ಅದರ ಒಳಗಂಡಿಯನ್ನು ರಟ್ಟಿನ ಅಚ್ಚು ಇಟ್ಟು ಕತ್ತರಿಸಿ, ದಪ್ಪ ಫೆಲ್ಟ್ ಹಾಸಿದೆ. ಎರಡೂ ಉಂಗುರಗಳು ಕೆಳಗಿನ ಚೌಕಟ್ಟಿನ ಗಾಲಿಗಳ ಮೇಲೆ ಕೂರುತ್ತವೆ. ಉಂಗುರಗಳು ಒಂದೇ ಗಾತ್ರ ಇರಬೇಕಿಲ್ಲ. ಆದರೆ ಎರಡರ ಕೇಂದ್ರ ಸೇರಿಸಿ ದಾರ ಎಳೆದರೆ, ಎರಡೂ ಉಂಗುರ ಆ ದಾರಕ್ಕೆ ಲಂಬವಾಗಿ ನಿಲ್ಲಬೇಕು. ಸ್ವಲ್ಪ ವಾರೆಯಾದರೂ ತಿರುಗಿಸುವಾಗ ಗಾಲಿಯಿಂದ ಜಾರುತ್ತದೆ.

ನಿಜವಾದ ಕೆಲಸ ಇದ್ದದ್ದು ತೂಕ ಹೊಂದಿಸುವುದರಲ್ಲಿ. ಉಂಗುರ ಎಷ್ಟೇ ಗಟ್ಟಿಯಿರಲಿ, ಭಾರದ ಕೇಂದ್ರ ಆ ದಾರದಿಂದ ದೂರವಿದ್ದರೆ ತಿರುಗಿಸಲು ಮೂರು ಜನ ಬೇಕು, ಕೈ ತಪ್ಪಿದರೆ ತೇರಿನ ಗಾಲಿಯ ಹಾಗೆ ಓಡುತ್ತದೆ. ಅದಕ್ಕೇ ಪಿನ್ನಿಗೂ ಉಂಗುರಕ್ಕೂ ನಡುವಿನ ಪಟ್ಟಿಯಲ್ಲಿ ಉದ್ದ ಸೀಳು ಕೊಟ್ಟು, ಫ್ಯೂಸಲಾಜನ್ನು ಚೂರುಚೂರೇ ಮೇಲೆ ಕೆಳಗೆ ಸರಿಸುತ್ತಾ ಹೋದೆ. ಕೈಬಿಟ್ಟಾಗ ತಾನಾಗಿಯೇ ನಿಧಾನಕ್ಕೆ ನೆಟ್ಟಗಾಗುವ ಜಾಗದಲ್ಲಿ ಬೋಲ್ಟ್ ಬಿಗಿದೆ. ಅಂದರೆ ಭಾರದ ಕೇಂದ್ರ ದಾರಕ್ಕಿಂತ ಕೂದಲೆಳೆ ಕೆಳಗಿದೆ. ಈಗ ಒಬ್ಬರೇ ಒಂದು ಕೈಯಲ್ಲಿ ತಿರುಗಿಸಬಹುದು.

ತಿರುಗಿಸುವ ಮುಂಚೆ ಕ್ಯಾನೊಪಿ (ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ), ಬ್ಯಾಟರಿ, ಕುಶನ್ ಎಲ್ಲ ಹೊರಗೆ. ಬಾಲದ ಚುಕ್ಕಾಣಿ, ಅಂದರೆ ರಡ್ಡರ್ ಕಳಚಬೇಕು, ಇಲ್ಲವೇ ಅಲ್ಲಾಡದಂತೆ ಕಟ್ಟಬೇಕು. ಮೊದಲ ಸಲ ಅಂಗಾತ ಹಾಕಿದಾಗ ಒಂದು ಪೆನ್ನು, ಒಂದು ನಾಣ್ಯ, ತುಕ್ಕು ಹಿಡಿದ ವಾಷರ್ ಟಣ್ ಟಣ್ ಅಂತ ನೆಲಕ್ಕೆ ಬಿದ್ದವು. ನಗುವ ವಿಷಯ ಅಲ್ಲ. ಆ ಪೆನ್ನು ಹಾರುವಾಗ ಕಂಟ್ರೋಲ್ ರಾಡಿನ ಸಂದಿಗೆ ಸಿಕ್ಕಿಕೊಂಡರೆ ಸ್ಟಿಕ್ ಅಲುಗುವುದಿಲ್ಲ.

ಅಂಗಾತ ಇದ್ದಾಗ ಲೆಕ್ಕ ಉಲ್ಟಾ. ಈಗ ಭಾರ ದಾರಕ್ಕಿಂತ ಮೇಲಿದೆ, ಸುಮ್ನೆ ತಾಗಿದರೂ ಮಗುಚಲು ನೋಡುತ್ತದೆ. ಅದಕ್ಕೆ ಉಂಗುರದ ಅಂಚಿನಲ್ಲಿ ಸುತ್ತಲೂ ತೂತು ಕೊರೆದು, ಚೌಕಟ್ಟಿಗೆ ಬೀಗದ ಪಿನ್ ಹಾಕಿದೆ. ಚಕ್ರ, ಬ್ರೇಕು ಬಿಚ್ಚಿದರೆ ಹೊಂದಿಸಿದ ತೂಕ ಪೂರ್ತಿ ಬದಲಾಗುತ್ತದೆ. ಹಾಗಾಗಿ ನಮ್ಮಲ್ಲಿ ಬೀಗದ ಪಿನ್ ಹಾಕದೆ ಯಾರೂ ಸ್ಪ್ಯಾನರ್ ಮುಟ್ಟುವಂತಿಲ್ಲ. ಚಕ್ರ ವಾಪಸ್ ಕೂತ ಮೇಲೂ ಪಿನ್ ತೆಗೆಯುವಾಗ ಇನ್ನೊಬ್ಬರು ಬಾಲ ಹಿಡಿದಿರಬೇಕು.