ಡಿವಿಡಿ ಇಲ್ಲದೆಯೂ ಲ್ಯಾಪ್‌ಟಾಪ್‌ಗೆ ವಿಂಡೋಸ್ 11

ಲ್ಯಾಪ್‌ಟಾಪ್ ಜೊತೆ ಬಂದಿದ್ದ ವಿಂಡೋಸ್ ಡಿವಿಡಿ ಎಲ್ಲೋ ಕಳೆದುಹೋಗಿರುತ್ತದೆ, ಇಲ್ಲವೇ ಅದು ಬಂದೇ ಇರುವುದಿಲ್ಲ. ಸಿಕ್ಕರೂ ಈಗಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹಾಕಲು ಜಾಗವಿಲ್ಲ. ಹಾಗಾಗಿ ಅದನ್ನು ಹುಡುಕುತ್ತಾ ಕೂರಬೇಡಿ. ಡಿವಿಡಿಯಲ್ಲಿದ್ದದ್ದು ಇನ್‌ಸ್ಟಾಲ್ ಮಾಡಲು ಬೇಕಾದ ಫೈಲ್‌ಗಳು ಮಾತ್ರ. ಅವನ್ನು ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲಿ ಉಚಿತವಾಗಿಯೇ ಕೊಡುತ್ತದೆ. ನೀವು ಹಣ ಕೊಟ್ಟದ್ದು ಲೈಸೆನ್ಸ್‌ಗೆ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ವಿಂಡೋಸ್ ಸಮೇತ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ವಿಂಡೋಸ್ 10ರ ಕಾಲಕ್ಕೆ ಡಿಜಿಟಲ್ ಲೈಸೆನ್ಸ್ ಬಂತು: ಯಂತ್ರದ ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗಿರುವುದರಿಂದ ಕೀ ಟೈಪ್ ಮಾಡುವ ಪ್ರಮೇಯವೇ ಬರುವುದಿಲ್ಲ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅದನ್ನೇ ಬಳಸುತ್ತಿರುವವರು 11ಕ್ಕೆ ಹೋಗುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆಯೇ?

ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಪುಟ್ಟ ತಂತ್ರಾಂಶ ಇದನ್ನು ಒಂದೇ ಕ್ಲಿಕ್‌ನಲ್ಲಿ ಹೇಳುತ್ತದೆ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶ ಮಾತ್ರ ಏಳಲು ಬಿಡುವ ಕಾವಲು) ಸೌಲಭ್ಯವಿರುವ ಯುಇಎಫ್‌ಐ (ಯಂತ್ರವನ್ನು ಎಬ್ಬಿಸುವ ಹೊಸ ಮಾದರಿಯ ಮೂಲ ತಂತ್ರಾಂಶ), ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಇರಬೇಕು. ಇಂಟೆಲ್ ಆದರೆ ಸ್ಥೂಲವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. 4 ಜಿಬಿ ಕಾಗದದ ಮೇಲಿನ ಲೆಕ್ಕ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆಯುವವರಿಗೆ 8 ಜಿಬಿಗಿಂತ ಕಡಿಮೆ ಇದ್ದರೆ ಯಂತ್ರ ಏದುಸಿರು ಬಿಡುತ್ತದೆ.

'ಟಿಪಿಎಂ ಇಲ್ಲ' ಎಂದು ಬಂದ ತಕ್ಷಣ ಕೈಚೆಲ್ಲಬೇಡಿ. ಎಷ್ಟೋ ಸಲ ಅದು ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್ಸ್‌ನಲ್ಲಿ) ಆಫ್ ಆಗಿರುತ್ತದೆ, ಅಷ್ಟೇ. ಇಂಟೆಲ್ ಯಂತ್ರಗಳಲ್ಲಿ 'ಪಿಟಿಟಿ', ಎಎಂಡಿ ಯಂತ್ರಗಳಲ್ಲಿ 'ಎಫ್‌ಟಿಪಿಎಂ' ಎಂಬ ಹೆಸರಿನಲ್ಲಿ ಸೆಕ್ಯುರಿಟಿ ವಿಭಾಗದಲ್ಲಿ ಹುಡುಕಿ, ಆನ್ ಮಾಡಿ. ಪಕ್ಕದಲ್ಲೇ 'ಕ್ಲಿಯರ್ ಟಿಪಿಎಂ' ಎಂದೂ ಇರಬಹುದು, ಅದನ್ನು ಮುಟ್ಟಬೇಡಿ.

ಸೆಕ್ಯೂರ್ ಬೂಟ್ ವಿಷಯ ಸ್ವಲ್ಪ ನಾಜೂಕಿನದು. ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ತೆರೆದು 'ಬಯಾಸ್ ಮೋಡ್' ಸಾಲು ನೋಡಿ. 'ಯುಇಎಫ್‌ಐ' ಎಂದಿದ್ದರೆ ಸರಿ. 'ಲೆಗಸಿ' ಎಂದಿದ್ದರೆ ಡಿಸ್ಕನ್ನು ಹೋಳು ಮಾಡಿರುವುದು ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ಎಂದರ್ಥ. ಆಗ ನೇರವಾಗಿ ಬಯಾಸ್‌ಗೆ ಹೋಗಿ ಯುಇಎಫ್‌ಐ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ. ಈಗಾಗಲೇ ಮಾಡಿದ್ದರೆ ಗಾಬರಿ ಬೇಡ, ವಾಪಸ್ ಲೆಗಸಿಗೆ ಬದಲಿಸಿದರೆ ಎದ್ದೇಳುತ್ತದೆ. ಮೊದಲು ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ಎಂಬ ಹೊಸ ಪದ್ಧತಿಗೆ ಪರಿವರ್ತಿಸಬೇಕು. ಅದಕ್ಕೆ 'ಎಂಬಿಆರ್2ಜಿಪಿಟಿ' ಎಂಬ ಸಾಧನ ವಿಂಡೋಸ್ 10ರೊಳಗೇ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು 'ವ್ಯಾಲಿಡೇಟ್', ಅದು ಪಾಸಾದರೆ 'ಕನ್ವರ್ಟ್' ಆದೇಶ ಕೊಡಿ. ಎರಡಕ್ಕೂ 'ಅಲೋಫುಲ್‌ಒಎಸ್' ಸೇರಿಸದಿದ್ದರೆ ವಿಂಡೋಸ್‌ನೊಳಗಿಂದ ಅದು ಓಡುವುದಿಲ್ಲ. ಡೇಟಾ ಅಳಿಸದೆಯೇ ಕೆಲಸ ಮುಗಿಯುತ್ತದೆ, ಆಮೇಲೆ ಬಯಾಸ್‌ಗೆ ಹೋಗಿ ಯುಇಎಫ್‌ಐ ಮಾಡಿ. ಆದರೆ ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ, ಅಥವಾ ಒಂದಾದರೂ ಲಾಜಿಕಲ್ ಪಾರ್ಟಿಶನ್ ಇದ್ದರೆ, ಅದು ಪರಿಶೀಲನೆಯ ಹಂತದಲ್ಲೇ ನಿಲ್ಲುತ್ತದೆ. ಹಳೆಯ ಯಂತ್ರಗಳಲ್ಲಿ ಡಿ, ಇ ಎಂದು ಹೋಳು ಮಾಡಿದವರಿಗೆ ಸಾಮಾನ್ಯವಾಗಿ ಎದುರಾಗುವ ತೊಡಕು ಇದೇ.

ಪ್ರೊಸೆಸರ್ ಹಳೆಯದಾಗಿದ್ದರೆ 'ರೂಫಸ್' ಎಂಬ ತಂತ್ರಾಂಶ ಈ ತಪಾಸಣೆಗಳನ್ನು ಕಿತ್ತುಹಾಕಿದ ಪೆನ್‌ಡ್ರೈವ್ ಮಾಡಿಕೊಡುತ್ತದೆ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ದಿನನಿತ್ಯ ದುಡಿಯುವ ಲ್ಯಾಪ್‌ಟಾಪ್‌ಗೆ ಈ ದಾರಿ ಬೇಡ.

ಬ್ಯಾಕಪ್ ಮತ್ತು 48 ಅಂಕಿಗಳು

ಫೈಲ್‌ಗಳನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ. ಬಹುತೇಕ ಎರಡೂ ಒಂದೇ ಡಿಸ್ಕ್‌ನ ಹೋಳುಗಳು. ಹೊರಗಿನ ಹಾರ್ಡ್‌ಡಿಸ್ಕ್ ಅಥವಾ ಕ್ಲೌಡ್‌ಗೆ ಹಾಕಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಔಟ್‌ಲುಕ್‌ನ ಪಿಎಸ್‌ಟಿ ಫೈಲ್, ಹೊರಗಿನಿಂದ ಹಾಕಿಕೊಂಡ ಫಾಂಟ್‌ಗಳು: ಜನ ಮರೆಯುವುದು ಇವನ್ನೇ.

ಇನ್ನು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನದೇ ಸೌಲಭ್ಯ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬದಲಿಸಿದೊಡನೆ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡೇಟಾ ಹೋದ ಹಾಗೆಯೇ, ಯಾವ ರಿಪೇರಿಯವರೂ ತೆಗೆದುಕೊಡಲಾರರು. ಆದ್ದರಿಂದ ಬಯಾಸ್‌ಗೆ ಕೈಹಾಕುವ ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಿಟ್‌ಲಾಕರ್ ಪುಟ ಇರುವ ಆವೃತ್ತಿಯಾದರೆ 'ಸಸ್ಪೆಂಡ್ ಪ್ರೊಟೆಕ್ಷನ್' ಒತ್ತಿಡಿ.

ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ 'ಅಪ್‌ಡೇಟ್ ಅಂಡ್ ಸೆಕ್ಯುರಿಟಿ', ಅದರೊಳಗೆ 'ಆ್ಯಕ್ಟಿವೇಶನ್' ತೆರೆಯಿರಿ. ವಿಂಡೋಸ್ ಆ್ಯಕ್ಟಿವ್ ಆಗಿದೆಯೇ, ಆವೃತ್ತಿ ಹೋಮ್ ಅಥವಾ ಪ್ರೊ ಎಂಬುದನ್ನು ಗುರುತು ಹಾಕಿಕೊಳ್ಳಿ. ಮುಂದೆ ಬೇಕಾಗುತ್ತದೆ.

ಮೊದಲ ದಾರಿ: ವಿಂಡೋಸ್ ಒಳಗಿಂದಲೇ

ಈಗಿನ ವಿಂಡೋಸ್ ಚೆನ್ನಾಗಿ ಓಡುತ್ತಿದ್ದರೆ ಪೆನ್‌ಡ್ರೈವ್ ಕೂಡ ಬೇಡ. ವಿಂಡೋಸ್ ಅಪ್‌ಡೇಟ್‌ನಲ್ಲೇ 11 ಬಂದಿದ್ದರೆ ಅದನ್ನೇ ಒತ್ತಿ. ಬಾರದಿದ್ದರೆ ಮೈಕ್ರೋಸಾಫ್ಟ್‌ನ ವಿಂಡೋಸ್ 11 ಡೌನ್‌ಲೋಡ್ ಪುಟದಲ್ಲಿ 'ಇನ್‌ಸ್ಟಾಲೇಶನ್ ಅಸಿಸ್ಟೆಂಟ್' ಸಿಗುತ್ತದೆ. ಅದೂ ಅರ್ಧದಲ್ಲಿ ನಿಂತರೆ ಅದೇ ಪುಟದಿಂದ ಐಎಸ್‌ಒ ಫೈಲ್ (ಇಡೀ ಡಿವಿಡಿಯನ್ನು ಒಂದೇ ಫೈಲ್‌ನಲ್ಲಿ ತುಂಬಿಟ್ಟದ್ದು) ಇಳಿಸಿಕೊಳ್ಳಿ. ಗಾತ್ರ 5 ಜಿಬಿಗಿಂತ ಹೆಚ್ಚು. ಬೇರೆ ತಾಣಗಳ 'ಹಗುರ ಮಾಡಿದ' ವಿಂಡೋಸ್ ಕಡೆ ತಲೆಹಾಕಬೇಡಿ. ಅದರೊಳಗೆ ಯಾರು ಏನು ಸೇರಿಸಿದ್ದಾರೆಂದು ತಿಳಿಯುವ ದಾರಿಯೇ ಇಲ್ಲ.

ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಡಿವಿಡಿ ಡ್ರೈವ್ ಇಲ್ಲದ ಲ್ಯಾಪ್‌ಟಾಪ್‌ನಲ್ಲೂ ಒಂದು ಡಿವಿಡಿ ಡ್ರೈವ್ ಪ್ರತ್ಯಕ್ಷವಾಗುತ್ತದೆ. ಅದರಲ್ಲಿರುವ 'ಸೆಟಪ್' ಓಡಿಸಿ. ಮೊದಲ ಪರದೆಯಲ್ಲೇ 'ಚೇಂಜ್ ಹೌ ಸೆಟಪ್ ಡೌನ್‌ಲೋಡ್ಸ್ ಅಪ್‌ಡೇಟ್ಸ್' ಎಂಬ ಸಣ್ಣ ಕೊಂಡಿ ಇರುತ್ತದೆ. ಅದನ್ನು ಒತ್ತಿ 'ನಾಟ್ ರೈಟ್ ನೌ' ಆರಿಸಿದರೆ ನಿಧಾನದ ಇಂಟರ್ನೆಟ್‌ನಲ್ಲಿ ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ. ಮುಂದೆ 'ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್' ಎಂದು ಟಿಕ್ ಆಗಿರಬೇಕು. ಆ ಸಾಲು ಮಸುಕಾಗಿ, ಆರಿಸಲು ಬಾರದಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚಾಗಿ ಕಾರಣ ಭಾಷೆ: ಲ್ಯಾಪ್‌ಟಾಪ್‌ನಲ್ಲಿರುವುದು ಅಮೆರಿಕನ್ ಇಂಗ್ಲಿಷ್, ಇಳಿಸಿಕೊಂಡದ್ದು 'ಇಂಗ್ಲಿಷ್ ಇಂಟರ್‌ನ್ಯಾಷನಲ್', ಅಥವಾ ಅದರ ಉಲ್ಟಾ. ಸರಿಯಾದ ಭಾಷೆಯ ಐಎಸ್‌ಒ ಇಳಿಸಿಕೊಂಡರೆ ಸಾಲು ಜೀವ ಪಡೆಯುತ್ತದೆ.

ಸಿ ಡ್ರೈವ್‌ನಲ್ಲಿ 25 ಜಿಬಿಯಾದರೂ ಖಾಲಿ ಇರಲಿ, ಚಾರ್ಜರ್ ಹಾಕಿಯೇ ಇರಲಿ. ಮೌಸ್ ಬಿಟ್ಟು ಉಳಿದ ಯುಎಸ್‌ಬಿ ಸಾಧನಗಳನ್ನೆಲ್ಲ ಕಿತ್ತಿಡಿ, ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಅರ್ಧ ದಾರಿ ಹೋಗಿ ವಾಪಸ್ ಬಂದು, 'ಸಿ1900101' ಇರುವ ದೋಷ ಸಂಖ್ಯೆ ತೋರಿದರೆ ಸಾಮಾನ್ಯವಾಗಿ ಯಾವುದೋ ಡ್ರೈವರ್ ಅಡ್ಡ ಬಂದಿದೆ ಎಂದು ತಿಳಿಯಿರಿ. ಗ್ರಾಫಿಕ್ಸ್ ಮತ್ತು ವೈಫೈ ಡ್ರೈವರ್‌ಗಳನ್ನು ತಯಾರಕರ ತಾಣದಿಂದ ಹೊಸದಾಗಿ ಹಾಕಿ ಮತ್ತೆ ಪ್ರಯತ್ನಿಸಿ.

ಎರಡನೇ ದಾರಿ: ಪೆನ್‌ಡ್ರೈವ್‌ನಿಂದ ಹೊಸದಾಗಿ

ವಿಂಡೋಸ್ ಏಳುತ್ತಲೇ ಇಲ್ಲ, ಡಿಸ್ಕ್ ಬದಲಿಸಿದ್ದೀರಿ, ಅಥವಾ ಇರುವುದು 32 ಬಿಟ್ ವಿಂಡೋಸ್ ಎಂದಾದರೆ ಇದೊಂದೇ ದಾರಿ. ಎಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಸರಿಯಾಗಿ ಓಡುತ್ತಿರುವ ಬೇರೊಂದು ವಿಂಡೋಸ್ ಕಂಪ್ಯೂಟರ್‌ನಲ್ಲಿ 'ಮೀಡಿಯಾ ಕ್ರಿಯೇಶನ್ ಟೂಲ್' ಓಡಿಸಿದರೆ ಅದೇ ಫೈಲ್‌ಗಳನ್ನು ಇಳಿಸಿ, ಪೆನ್‌ಡ್ರೈವನ್ನು ಬೂಟ್ ಆಗುವಂತೆ ಸಿದ್ಧಪಡಿಸುತ್ತದೆ. ಐಎಸ್‌ಒ ಫೈಲನ್ನು ಹಾಗೇ ಎಳೆದು ಪೆನ್‌ಡ್ರೈವ್‌ಗೆ ಹಾಕಿದರೆ ಬೂಟ್ ಆಗುವುದಿಲ್ಲ. ಒಳಗಿನ ಫೈಲ್‌ಗಳನ್ನು ಬಿಡಿಸಿ ಹಾಕಲು ಹೋದರೂ ಒಂದು ತೊಡಕು: ಯುಇಎಫ್‌ಐ ಓದುವುದು ಫ್ಯಾಟ್32 ಮಾದರಿಯನ್ನು, ಅದರಲ್ಲಿ ಒಂದೇ ಫೈಲ್ 4 ಜಿಬಿ ಮೀರುವಂತಿಲ್ಲ, ಐಎಸ್‌ಒ ಒಳಗಿನ ಮುಖ್ಯ ಫೈಲ್ ಅದನ್ನು ಮೀರುತ್ತದೆ. ಟೂಲ್ ಅದನ್ನು ಹೆಚ್ಚು ಕುಗ್ಗಿಸಿದ ರೂಪದಲ್ಲಿ ಇಡುವುದರಿಂದ ಈ ತಾಪತ್ರಯವಿಲ್ಲ.

ಅದೇ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ನಿಮ್ಮ ಮಾಡೆಲ್‌ನ ವೈಫೈ ಡ್ರೈವರ್ ಹಾಕಿಡಿ. ಇಂಟೆಲ್ 11ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಆದರೆ ಸ್ಟೋರೇಜ್ ಡ್ರೈವರನ್ನೂ ಬಿಡಿಸಿ ಹಾಕಿ. ತಯಾರಕರ ತಾಣದಲ್ಲಿ ಅದು 'ರ‍್ಯಾಪಿಡ್ ಸ್ಟೋರೇಜ್' ಅಥವಾ 'ವಿಎಂಡಿ' ಹೆಸರಿನಲ್ಲಿರುತ್ತದೆ. ಇದಿಲ್ಲದಿದ್ದರೆ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್‌ಗಳ ಪಟ್ಟಿ ಖಾಲಿ ಕಾಣಬಹುದು. ಡಿಸ್ಕ್ ಕೆಟ್ಟಿತೆಂದು ಹೊಸ ಎಸ್‌ಎಸ್‌ಡಿ ಕೊಳ್ಳುವ ಮೊದಲು 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿ ನೋಡಿ.

ಬೂಟ್ ಮೆನು ತೆರೆಯುವ ಕೀ ಕಂಪನಿಗೊಂದು. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯಾಸ್‌ನಲ್ಲಿ ಆನ್ ಮಾಡಬೇಕಾಗಬಹುದು. ಪಟ್ಟಿಯಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ 'ಯುಇಎಫ್‌ಐ' ಎಂದಿರುವುದನ್ನೇ ಆರಿಸಿ.

ಕೀ ಕೇಳಿದರೆ 'ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ' ಒತ್ತಿ, ಮೊದಲು ಗುರುತು ಹಾಕಿಕೊಂಡ ಆವೃತ್ತಿಯನ್ನೇ ಆರಿಸಿ. ಹೋಮ್ ಲೈಸೆನ್ಸ್ ಇದ್ದವರು ಆಸೆಗೆ ಬಿದ್ದು ಪ್ರೊ ಹಾಕಿದರೆ ಅದು ಆ್ಯಕ್ಟಿವೇಟ್ ಆಗುವುದಿಲ್ಲ. ಪಾರ್ಟಿಶನ್ ಪಟ್ಟಿ ಬಂದಾಗ ಅವಸರ ಬೇಡ. ಎರಡು ಡಿಸ್ಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ಎರಡೂ ಅಲ್ಲೇ ಇರುತ್ತವೆ, ನಿಮ್ಮ ಪೆನ್‌ಡ್ರೈವ್ ಕೂಡ ಇರುತ್ತದೆ. ಗಾತ್ರ ನೋಡಿ ಗುರುತಿಸಿ. ವಿಂಡೋಸ್ ಇದ್ದ ಡಿಸ್ಕ್‌ನ ಪಾರ್ಟಿಶನ್‌ಗಳನ್ನು ಮಾತ್ರ ಅಳಿಸಿ, ಉಳಿಯುವ 'ಅನ್‌ಅಲೊಕೇಟೆಡ್' ಜಾಗ ಆರಿಸಿದರೆ ಸಾಕು, ಬೇಕಾದ ಹೋಳುಗಳನ್ನು ಸೆಟಪ್ ತಾನೇ ಮಾಡಿಕೊಳ್ಳುತ್ತದೆ. ತಯಾರಕರ ರಿಕವರಿ ಪಾರ್ಟಿಶನ್ ಅಳಿಸಿದರೆ ಮುಂದೆ ಅವರ ಫ್ಯಾಕ್ಟರಿ ರಿಸೆಟ್ ಸಿಗುವುದಿಲ್ಲ ಎಂಬುದೊಂದು ಗಮನದಲ್ಲಿರಲಿ.

ಮೊದಲ ರೀಸ್ಟಾರ್ಟ್ ಆದಾಗ ಪೆನ್‌ಡ್ರೈವ್ ಕಿತ್ತುಬಿಡಿ. ಇಲ್ಲದಿದ್ದರೆ ಕೆಲವು ಯಂತ್ರಗಳು ಮತ್ತೆ ಅದರಿಂದಲೇ ಎದ್ದು, ಭಾಷೆ ಕೇಳುವ ಮೊದಲ ಪರದೆಗೇ ಬಂದು ನಿಲ್ಲುತ್ತವೆ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೂ ನಡೆಯುತ್ತದೆ.

ಇಷ್ಟವಾಗದಿದ್ದರೆ

ಮೊದಲ ದಾರಿಯಲ್ಲಿ ಬಂದವರಿಗೆ ಹಳೆಯ ವಿಂಡೋಸ್ 'ವಿಂಡೋಸ್.ಓಲ್ಡ್' ಎಂಬ ಫೋಲ್ಡರ್‌ನಲ್ಲಿ 10 ದಿನ ಉಳಿದಿರುತ್ತದೆ. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ 'ಗೋ ಬ್ಯಾಕ್' ಒತ್ತಿದರೆ ವಾಪಸ್ 10ಕ್ಕೆ ಹೋಗಬಹುದು. ಆ ಫೋಲ್ಡರ್ ಹತ್ತಾರು ಜಿಬಿ ನುಂಗುತ್ತದೆಂದು ಡಿಸ್ಕ್ ಕ್ಲೀನಪ್ ಮಾಡಲು ಹೊರಡುವ ಮುನ್ನ ಪ್ರಿಂಟರ್, ಸ್ಕ್ಯಾನರ್, ಕಚೇರಿಯ ವಿಪಿಎನ್, ಹಳೆಯ ಲೆಕ್ಕಪತ್ರದ ತಂತ್ರಾಂಶ ಎಲ್ಲವನ್ನೂ ಒಮ್ಮೆ ಓಡಿಸಿ ನೋಡಿ. ಅಳಿಸಿದ ಮೇಲೆ 10 ಬೇಕೆಂದರೆ ಮತ್ತೆ ಪೆನ್‌ಡ್ರೈವ್ ದಾರಿಯೇ ಗತಿ.